ಡಾಸ್‌ಎಮು ಒಳಗಿಂದ 8255 ಕಾರ್ಡ್: ಓದಿದಾಗಲೆಲ್ಲ ಎಫ್‌ಎಫ್ ಬಂದರೆ

ಶಿವಮೊಗ್ಗ ಕಡೆಯ ಕಾಲೇಜುಗಳ ಹಳೆಯ ಮೈಕ್ರೊಪ್ರೊಸೆಸರ್ ಲ್ಯಾಬುಗಳಲ್ಲಿ ಸ್ಟೆಪರ್ ಮೋಟರ್, ಲಾಜಿಕ್ ಕಂಟ್ರೋಲರ್, ಕೀಪ್ಯಾಡ್, ಎಲಿವೇಟರ್ ಬೋರ್ಡುಗಳು ಇನ್ನೂ ಗಟ್ಟಿಯಾಗಿವೆ. ಅವುಗಳಿಗೆ ಮಾಸ್ಮ್ ಅಸೆಂಬ್ಲರ್‌ನಲ್ಲಿ ಬರೆದ ಪ್ರೋಗ್ರಾಂಗಳೂ ಇವೆ. ಹೋಗಿರುವುದು ವಿಂಡೋಸ್ 98 ಓಡುತ್ತಿದ್ದ ಕಂಪ್ಯೂಟರುಗಳು ಮಾತ್ರ. ಪಿಸಿಐ ಸ್ಲಾಟ್ ಇರುವ ಲಿನಕ್ಸ್ ಯಂತ್ರಕ್ಕೆ 8255 ಕಾರ್ಡ್ (ಮೂರು ಎಂಟು ಬಿಟ್ ಪೋರ್ಟುಗಳ 8255 ಚಿಪ್ ಇರುವುದು) ಹಾಕಿ, ಡಾಸ್‌ಎಮು (ಲಿನಕ್ಸ್ ಮೇಲೆ ಡಾಸ್ ಪ್ರೋಗ್ರಾಂ ಓಡಿಸುವ ತಂತ್ರಾಂಶ) ಒಳಗೆ ಅದೇ ಪ್ರೋಗ್ರಾಂ ಓಡಿಸಬಹುದು. ಸುಮ್ಮನೆ ಹಾಕಿದರೆ ಮಾತ್ರ ಯಾವ ಪೋರ್ಟ್ ಓದಿದರೂ ಎಫ್‌ಎಫ್ (ಎಂಟೂ ಬಿಟ್ 1) ಬರುತ್ತದೆ, ಬರೆದದ್ದು ಎಲ್ಲಿಗೂ ತಲುಪುವುದಿಲ್ಲ. ಆಗ ಕಾರ್ಡ್ ಸತ್ತಿದೆ ಎಂದು ತೀರ್ಮಾನಿಸಿ ಬೀರುವಿಗೆ ಸೇರಿಸುವುದು ದೊಡ್ಡ ನಷ್ಟ. ಎಫ್‌ಎಫ್ ಎಂದರೆ ಆ ವಿಳಾಸದಲ್ಲಿ ಯಾರೂ ಉತ್ತರ ಕೊಡಲಿಲ್ಲ ಎಂದಷ್ಟೇ. ಉತ್ತರ ಎಲ್ಲಿ ತಪ್ಪಿತು ಎಂಬುದನ್ನು ಕೆಳಗಿನಿಂದ, ಅಂದರೆ ಕಾರ್ಡಿನ ಕಡೆಯಿಂದಲೇ ಹುಡುಕಬೇಕು. ಡಾಸ್‌ಎಮು ಸೆಟ್ಟಿಂಗ್‌ನಿಂದ ಶುರು ಮಾಡಿದರೆ ದಿನವೆಲ್ಲ ಕತ್ತಲಲ್ಲಿ ತಡಕಾಡಿದಂತೆ.

ಕೆಳಗಿನ ಪೋರ್ಟ್ ವಿಳಾಸಗಳೂ ಅವುಗಳಿಗೆ ಬರೆಯುವ ಬೈಟ್‌ಗಳೂ ಹೆಕ್ಸ್‌ನಲ್ಲಿವೆ, ಡಿಡಿಗೆ ಕೊಡುವ ವಿಳಾಸ ಮಾತ್ರ ದಶಮಾನದಲ್ಲಿ. ಆಜ್ಞೆಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಎಂದಿನ ಇಂಗ್ಲಿಷ್ ಸಣ್ಣಕ್ಷರಗಳೇ.

ಮೊದಲು ನೋಡುವುದು ಎಲ್‌ಎಸ್‌ಪಿಸಿಐ (ಪಿಸಿಐ ಕಾರ್ಡುಗಳ ಪಟ್ಟಿ ಕೊಡುವ ಆಜ್ಞೆ), ಮೈನಸ್ ವಿವಿ ಜೊತೆಗೆ, ರೂಟ್ ಹಕ್ಕು ಕೊಡುವ ಸುಡೊ ಹಾಕಿ. ಕಾರ್ಡಿನ ಸಾಲಿನ ಕೆಳಗೆ 'ಐ/ಒ ಪೋರ್ಟ್ಸ್ ಅಟ್' ಎಂದು ವಿಳಾಸ ಬರುತ್ತದೆ. ಲ್ಯಾಬ್ ಮ್ಯಾನುಯಲ್‌ನಲ್ಲಿ ಡಿ800 ಎಂದೋ ಮತ್ತೊಂದೋ ಇರಬಹುದು. ಅದು ಆ ಮ್ಯಾನುಯಲ್ ಬರೆದವರ ಯಂತ್ರದ ವಿಳಾಸ. ಪಿಸಿಐ ಕಾರ್ಡಿಗೆ ವಿಳಾಸ ಹಂಚುವುದು ಬಯೋಸ್ ಮತ್ತು ಕರ್ನೆಲ್. ಸ್ಲಾಟ್ ಬದಲಾದರೆ, ಇನ್ನೊಂದು ಕಾರ್ಡ್ ಬಂದರೆ ಅದೂ ಬದಲಾಗುತ್ತದೆ. ಇಲ್ಲಿ 3000 ಬಂದಿದೆ ಎಂದಿಟ್ಟುಕೊಳ್ಳೋಣ. ಹಾಗಿದ್ದರೆ ಪೋರ್ಟ್ ಎ 3000, ಬಿ 3001, ಸಿ 3002, ಕಂಟ್ರೋಲ್ ರಿಜಿಸ್ಟರ್ 3003. ಪ್ರೋಗ್ರಾಂನಲ್ಲಿ ವಿಳಾಸಗಳಿಗೆ ಹೆಸರು ಕೊಡುವ ಈಕ್ಯೂಯು ಸಾಲುಗಳನ್ನು ಇದಕ್ಕೆ ತಕ್ಕಂತೆ ತಿದ್ದಿ ಮತ್ತೆ ಅಸೆಂಬಲ್ ಮಾಡಬೇಕು.

ಇಲ್ಲೊಂದು ಎಚ್ಚರಿಕೆ. ಇಂಥ ಕಾರ್ಡುಗಳಲ್ಲಿ ಹಲವು ಪಿಎಲ್‌ಎಕ್ಸ್ 9050 ಅಥವಾ 9052 ಚಿಪ್ ಮೂಲಕ ಪಿಸಿಐಗೆ ಕೂಡುತ್ತವೆ, ವೆಂಡರ್ ಐಡಿ 10ಬಿ5. ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ಐ/ಒ ಪ್ರದೇಶಗಳು ಕಾಣುತ್ತವೆ. 128 ಬೈಟ್ ಗಾತ್ರದ್ದು ಪಿಎಲ್‌ಎಕ್ಸ್ ಚಿಪ್‌ನ ಸ್ವಂತ ರಿಜಿಸ್ಟರುಗಳು, ಅದರೊಳಗೆ 8255ರ ಕಂಟ್ರೋಲ್ ವರ್ಡ್ (ಯಾವ ಪೋರ್ಟ್ ಇನ್‌ಪುಟ್, ಯಾವುದು ಔಟ್‌ಪುಟ್ ಎಂದು ಹೇಳುವ ಬೈಟ್) ಬರೆದರೆ ಚಿಪ್‌ನ ಸಂರಚನೆಯೇ ಕೆಡುತ್ತದೆ. ರೀಬೂಟ್ ಮಾಡುವವರೆಗೆ ಕಾರ್ಡ್ ವಿಚಿತ್ರವಾಗಿ ವರ್ತಿಸುತ್ತದೆ. 8255 ಇರುವುದು ಇನ್ನೊಂದು ಪ್ರದೇಶದಲ್ಲಿ.

ವಿಳಾಸದ ಪಕ್ಕದಲ್ಲೇ ಚೌಕ ಆವರಣದಲ್ಲಿ 'ಡಿಸೇಬಲ್ಡ್' ಎಂದಿದೆಯೇ, 'ಕಂಟ್ರೋಲ್' ಸಾಲಿನಲ್ಲಿ ಐ/ಒ ಮುಂದೆ ಮೈನಸ್ ಇದೆಯೇ ನೋಡಿ. ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಕಾರ್ಡುಗಳು ಅನ್ಯಾಯವಾಗಿ ಮೂಲೆ ಸೇರುವುದು ಈ ಒಂದು ಬಿಟ್‌ನಿಂದ. ಕಾರ್ಡಿಗೆ ಕರ್ನೆಲ್‌ನಲ್ಲಿ ಡ್ರೈವರ್ ಇಲ್ಲ. ಪಿಸಿಐ ಸಾಧನವನ್ನು ಎಚ್ಚರಗೊಳಿಸುವುದು ಡ್ರೈವರ್‌ನ ಕೆಲಸ, ಬಯೋಸ್ ಅದನ್ನು ಮಾಡಿಲ್ಲದಿದ್ದರೆ ಲಿನಕ್ಸ್ ತಾನಾಗಿ ಮಾಡುವುದಿಲ್ಲ. ಕಾರ್ಡಿಗೆ ವಿಳಾಸ ಸಿಕ್ಕಿದೆ, ಕಿವಿ ಮುಚ್ಚಿದೆ. ಸೆಟ್‌ಪಿಸಿಐ ಆಜ್ಞೆಯಲ್ಲಿ ಕಾರ್ಡಿನ ಸ್ಲಾಟ್ ಸಂಖ್ಯೆ ಕೊಟ್ಟು ಕಮಾಂಡ್ ರಿಜಿಸ್ಟರ್ ಓದಿದರೆ ಕೊನೆಯ ಬಿಟ್ 0 ಇರುತ್ತದೆ. ಅದಕ್ಕೆ 0001:0001 ಬರೆಯಿರಿ. ಕೋಲನ್ ನಂತರದ ಭಾಗ ಮಾಸ್ಕ್, ಹಾಗಾಗಿ ಆ ಒಂದು ಬಿಟ್ ಬಿಟ್ಟು ಉಳಿದದ್ದು ಬದಲಾಗದು. ಮತ್ತೆ ಎಲ್‌ಎಸ್‌ಪಿಸಿಐ ನೋಡಿದರೆ ಮೈನಸ್ ಇದ್ದಲ್ಲಿ ಪ್ಲಸ್ ಬಂದಿರುತ್ತದೆ. ಪ್ರತಿ ಬೂಟ್‌ಗೂ ಇದು ಬೇಕಾದ್ದರಿಂದ ಯುಡೆವ್ (ಸಾಧನ ಕಂಡಾಗ ತಾನಾಗಿ ಕೆಲಸ ಮಾಡಿಸುವ ಲಿನಕ್ಸ್ ವ್ಯವಸ್ಥೆ) ನಿಯಮ ಬರೆದಿಡುವುದು ಒಳ್ಳೆಯದು: ಸಬ್‌ಸಿಸ್ಟಂ ಪಿಸಿಐ, ವೆಂಡರ್ ಮತ್ತು ಡಿವೈಸ್ ಐಡಿ ಹೊಂದಿದರೆ, ಎನೇಬಲ್ ಎಂಬ ಆಟ್ರಿಬ್ಯೂಟ್‌ಗೆ 1.

ಈಗ ಡಾಸ್‌ಎಮು ತೆರೆಯದೆಯೇ ಪರೀಕ್ಷೆ. ಇಂಟರ್‌ಫೇಸ್ ಬೋರ್ಡಿನ 26 ಪಿನ್ ಎಫ್‌ಆರ್‌ಸಿ ಕೇಬಲ್ (ಚಪ್ಪಟೆ ರಿಬ್ಬನ್ ಕೇಬಲ್) ಕಳಚಿಡಿ. ಇದಕ್ಕೆ ಕಾರಣವಿದೆ: ಕಂಟ್ರೋಲ್ ವರ್ಡ್ 80 ಬರೆದರೆ ಮೂರೂ ಪೋರ್ಟುಗಳು ಔಟ್‌ಪುಟ್ ಆಗುತ್ತವೆ. ಆ ಕಡೆ ಬೋರ್ಡ್ ಕೂಡ ಪೋರ್ಟ್ ಬಿ ಗೆರೆಗಳನ್ನು ಓಡಿಸುತ್ತಿದ್ದರೆ ಎರಡು ಔಟ್‌ಪುಟ್‌ಗಳು ಪರಸ್ಪರ ಎಳೆದಾಡಿ 8255 ಸುಡಬಹುದು. ಬೋರ್ಡ್ ಸಿಕ್ಕಿಸಿದ ಮೇಲೆ ಬಿ ಇನ್‌ಪುಟ್ ಆಗಬೇಕಾದ ಪ್ರಯೋಗಗಳಿಗೆ 82 ಬಳಸಬೇಕು.

ಪರೀಕ್ಷೆಗೆ ಡಿಡಿ ಆಜ್ಞೆ ಸಾಕು. /ಡೆವ್/ಪೋರ್ಟ್ ಕಡತದಲ್ಲಿ ಎಷ್ಟನೇ ಬೈಟ್ ಓದುತ್ತೀರೋ ಅದೇ ಪೋರ್ಟ್ ವಿಳಾಸ. ಡಿಡಿಗೆ ವಿಳಾಸವನ್ನು ದಶಮಾನದಲ್ಲಿ ಕೊಡಿ: 3000 ಎಂದರೆ 12288, 3003 ಎಂದರೆ 12291. ಬ್ಲಾಕ್ ಗಾತ್ರ 1 ಎಂದು ಹೇಳಲೇಬೇಕು. ಇಲ್ಲದಿದ್ದರೆ ಸ್ಕಿಪ್ ಸಂಖ್ಯೆಯನ್ನು 512ರಿಂದ ಗುಣಿಸಿ ಬೇರೆಲ್ಲೋ ಹೋಗುತ್ತದೆ. ಬರೆಯಲು ಪ್ರಿಂಟ್‌ಎಫ್‌ನಿಂದ ಒಂದು ಬೈಟ್ ಪೈಪ್ ಮಾಡಿ, ಸ್ಕಿಪ್ ಬದಲು ಸೀಕ್, ಜೊತೆಗೆ ಕಾನ್ವ್ ಆಯ್ಕೆಗೆ ನೋಟ್ರಂಕ್. ಬ್ಯಾಕ್‌ಸ್ಲ್ಯಾಶ್ ಹಾಕಿ ಆಕ್ಟಲ್ 200 ಬರೆದರೆ ಹೆಕ್ಸ್ 80, ಆಕ್ಟಲ್ 125 ಬರೆದರೆ ಹೆಕ್ಸ್ 55.

ಕ್ರಮ ಹೀಗೆ: 12291ಕ್ಕೆ 80, 12288ಕ್ಕೆ 55, 12289ಕ್ಕೆ 33. ಆಮೇಲೆ 12288 ಓದಿ. 55 ಬಂದರೆ 8255 ಜೀವಂತ, ವಿಳಾಸ ಸರಿ. ಮಧ್ಯೆ ಪೋರ್ಟ್ ಬಿಗೆ 33 ಬರೆಯುವುದು ಕಡೆಯದಾಗಿ ಬರೆದದ್ದೇ ಬಸ್ಸಿನಲ್ಲಿ ಉಳಿದು ಮರಳಿ ಕಾಣಿಸಿ ಮೋಸ ಮಾಡದಿರಲಿ ಎಂದು. ಎಲ್ಲ ಗೆರೆಗಳೂ ಸರಿಯಿವೆ ಎಂದು ಖಾತ್ರಿಯಾಗಲು 55ರ ಬದಲು ಎಎ ಬರೆದು ಇನ್ನೊಮ್ಮೆ ನೋಡಿ. ಕಂಟ್ರೋಲ್ ರಿಜಿಸ್ಟರನ್ನೇ ಓದಿ ಪರೀಕ್ಷಿಸಬೇಡಿ. 82ಸಿ55ಎ ಅದನ್ನು ಓದಲು ಕೊಡುತ್ತದೆ, ಹಳೆಯ 8255ಎ ಕೊಡುವುದಿಲ್ಲ. ಇನ್ನೊಂದು ಸಂಗತಿ: ಕಂಟ್ರೋಲ್ ವರ್ಡ್ ಬರೆದ ಕೂಡಲೇ ಔಟ್‌ಪುಟ್‌ಗಳೆಲ್ಲ ಸೊನ್ನೆಯಾಗುತ್ತವೆ. ಪ್ರೋಗ್ರಾಂ ಲೂಪ್ ಒಳಗೆ ಯಾರಾದರೂ ಕಂಟ್ರೋಲ್ ವರ್ಡ್ ಇಟ್ಟಿದ್ದರೆ ಎಲ್‌ಇಡಿಗಳು ಮಿಣುಕುತ್ತಲೇ ಇರುತ್ತವೆ.

ರೂಟ್ ಆಗಿದ್ದರೂ /ಡೆವ್/ಪೋರ್ಟ್ ತೆರೆಯಲು ಅನುಮತಿ ಇಲ್ಲ ಎಂದರೆ ಅದು ಸೆಕ್ಯೂರ್ ಬೂಟ್‌ನ ಕೆಲಸ. ಲಿನಕ್ಸ್ 5.4ರಿಂದ ಕರ್ನೆಲ್‌ನಲ್ಲಿ ಲಾಕ್‌ಡೌನ್ ಇದೆ. ಉಬುಂಟುವಿನಂಥ ವಿತರಣೆಗಳಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಅದು ತಾನಾಗಿ ಚಾಲೂ ಆಗಿ ಐಒಪರ್ಮ್, ಐಒಪಿಎಲ್ (ಪೋರ್ಟ್ ಮುಟ್ಟಲು ಪ್ರೋಗ್ರಾಂ ಕರ್ನೆಲ್‌ನ ಅನುಮತಿ ಕೇಳುವ ಕರೆಗಳು), /ಡೆವ್/ಪೋರ್ಟ್ ಮೂರನ್ನೂ ತಡೆಯುತ್ತದೆ. ಕರ್ನೆಲ್ ಸಂದೇಶಗಳನ್ನು ತೋರಿಸುವ ಡಿಮೆಸೆಜ್‌ನಲ್ಲಿ 'ಲಾಕ್‌ಡೌನ್' ಎಂದು ಶುರುವಾಗುವ ಸಾಲು ಇರುತ್ತದೆ. /ಸಿಸ್/ಕರ್ನೆಲ್/ಸೆಕ್ಯೂರಿಟಿ/ಲಾಕ್‌ಡೌನ್ ಕಡತದಲ್ಲಿ ಆವರಣದೊಳಗೆ 'ನನ್' ಬದಲು 'ಇಂಟೆಗ್ರಿಟಿ' ಕಾಣುತ್ತದೆ. ಇದಕ್ಕೆ ಡಾಸ್‌ಎಮು ಕಡೆಯಿಂದ ಮದ್ದಿಲ್ಲ, ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕು. ಲ್ಯಾಬಿನ ಆ ಒಂದು ಯಂತ್ರಕ್ಕೆ ಮಾತ್ರ ಮಾಡಿ, ಬೇರೆ ಕೆಲಸದ ಯಂತ್ರಗಳಲ್ಲಿ ಅದು ಆನ್ ಇರುವುದೇ ಕ್ಷೇಮ.

ಇಷ್ಟಾದ ಮೇಲೆ ಡಾಸ್‌ಎಮು. ಸಂರಚನೆ ಕಡತದಲ್ಲಿ $_ಪೋರ್ಟ್ಸ್ ಎಂಬ ಸಾಲಿದೆ, ಮೂಲದಲ್ಲಿ ಖಾಲಿ. ಪಟ್ಟಿಯಲ್ಲಿಲ್ಲದ ಪೋರ್ಟನ್ನು ಡಾಸ್ ಪ್ರೋಗ್ರಾಂ ಓದಿದರೆ ಡಾಸ್‌ಎಮು ತಾನೇ ಎಫ್‌ಎಫ್ ಕೊಟ್ಟು ಕಳಿಸುತ್ತದೆ, ಕಾರ್ಡಿನವರೆಗೆ ಹೋಗುವುದೇ ಇಲ್ಲ. ಅಲ್ಲಿ ಉದ್ಧರಣ ಚಿಹ್ನೆಯೊಳಗೆ ರೇಂಜ್, ಮೊದಲ ವಿಳಾಸ, ಕಾಮಾ, ಕೊನೆಯ ವಿಳಾಸ ಬರೆಯಿರಿ: 3000ದಿಂದ 3003. ಪ್ರತಿ ಸಂಖ್ಯೆಯ ಮುಂದೆ ಸೊನ್ನೆ ಎಕ್ಸ್ ಬೇಕು. ಅದಿಲ್ಲದೆ 3000 ಎಂದರೆ ದಶಮಾನದ ಮೂರು ಸಾವಿರ, ಅಂದರೆ ಬಿಬಿ8ನೇ ಪೋರ್ಟ್ ತೆರೆಯುತ್ತದೆ. ದೋಷ ಸಂದೇಶ ಬರುವುದಿಲ್ಲ, ಎಫ್‌ಎಫ್ ಮಾತ್ರ ಮುಂದುವರಿಯುತ್ತದೆ.

ಪೋರ್ಟ್ ಪ್ರವೇಶಕ್ಕೆ ರೂಟ್ ಹಕ್ಕು ಬೇಕಾದ್ದರಿಂದ ಮೈನಸ್ ಎಸ್ ಆಯ್ಕೆಯೊಂದಿಗೆ ಓಡಿಸಬೇಕು, ಅದು ಸುಡೊ ಬಳಸುತ್ತದೆ. ಸುಡೊ ಬಂದಾಗ ಹೋಮ್ ಡೈರೆಕ್ಟರಿ ರೂಟ್‌ನದಾಗಿ, ನೀವು ತಿದ್ದಿದ ಡಾಸ್‌ಎಮುಆರ್‌ಸಿ ಕಡತ ಓದದೇ ಹೋಗಬಹುದು. ಮೈನಸ್ ಎಫ್ ಕೊಟ್ಟು ಕಡತದ ಪೂರ್ಣ ದಾರಿ ಬರೆದರೆ ಆ ಸಂಶಯವೇ ಇರುವುದಿಲ್ಲ. ಒಳಗೆ ಹೋಗಿ ಡಾಸ್‌ನ ಡೀಬಗ್ ತೆರೆದು (ಅಲ್ಲಿ ಒ ಎಂದರೆ ಬರೆ, ಐ ಎಂದರೆ ಓದು) ಒ 3003 80, ಒ 3000 55, ಒ 3001 33, ಐ 3000. ಡಿಡಿಯಲ್ಲಿ ಬಂದ ಉತ್ತರವೇ ಇಲ್ಲೂ ಬರಬೇಕು. ಬರದಿದ್ದರೆ ಮೈನಸ್ ಡಿ ಪ್ಲಸ್ ಐ ಹಾಕಿ ಲಾಗ್ ತೆಗೆಯಿರಿ. ಐ ಎಂಬುದು ಪೋರ್ಟ್ ಇನ್-ಔಟ್‌ಗಳ ಗುರುತು, ಯಾವ ವಿಳಾಸವನ್ನು ಡಾಸ್‌ಎಮು ತಡೆಯಿತು ಎಂಬುದು ಅಲ್ಲಿ ಕಾಣುತ್ತದೆ.

ಪೋರ್ಟ್ ತೆರೆದ ಮೇಲೆ ಕಾಡುವುದು ವೇಗ. 64 ಬಿಟ್ ಕರ್ನೆಲ್‌ನಲ್ಲಿ ವಿಎಂ86 ಮೋಡ್ (16 ಬಿಟ್ ಡಾಸ್ ಪ್ರೋಗ್ರಾಂ ನೇರ ಪ್ರೊಸೆಸರ್ ಮೇಲೆ ಓಡಿಸುವ ವಿಧಾನ) ಇಲ್ಲ. ರಿಯಲ್ ಮೋಡ್ ಪ್ರೋಗ್ರಾಂ ಅನುಕರಣೆಯಲ್ಲಿ ಅಥವಾ ಡಾಸ್‌ಎಮು2ರಲ್ಲಿ ಕೆವಿಎಂ (ಲಿನಕ್ಸ್ ಕರ್ನೆಲ್‌ನ ವರ್ಚುವಲ್ ಯಂತ್ರ ಸೌಲಭ್ಯ) ಮೇಲೆ ಓಡುತ್ತದೆ, ಪ್ರತಿ ಇನ್, ಔಟ್ ಕೂಡ ಡಾಸ್‌ಎಮು ಕೈ ದಾಟಿಯೇ ಹೋಗಬೇಕು. ಲ್ಯಾಬ್ ಪ್ರೋಗ್ರಾಂಗಳಲ್ಲಿ ಸ್ಟೆಪರ್‌ಗೆ ಸಿಎಕ್ಸ್ ತುಂಬಿಸಿ ಸುಮ್ಮನೆ ತಿರುಗುವ ಡಿಲೇ ಲೂಪ್ ಇರುತ್ತದೆ. ಕೆವಿಎಂ ಮೇಲೆ ಆ ಲೂಪ್ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. 88, 44, 22, 11 ಎಂದು ಸುತ್ತುವ ಹೆಜ್ಜೆಗಳು ಮೋಟರ್ ಹಿಡಿಯಲಾಗದ ವೇಗದಲ್ಲಿ ಹೋಗುತ್ತವೆ. ಮೋಟರ್ ಗುಂಯ್ ಎನ್ನುತ್ತದೆ, ಶಾಫ್ಟ್ ಅಲುಗುತ್ತದೆ, ತಿರುಗುವುದಿಲ್ಲ. ಡ್ರೈವರ್ ಚಿಪ್ ಬದಲಿಸುವ ಮೊದಲು ಲೂಪ್ ತೆಗೆದು ಬಯೋಸ್‌ನ 15ನೇ ಇಂಟರಪ್ಟ್, ಎಎಚ್‌ನಲ್ಲಿ 86 ಹಾಕಿ (ಇಲ್ಲಿನ ಸಂಖ್ಯೆಗಳೂ ಹೆಕ್ಸ್). ಸಿಎಕ್ಸ್ ಸೊನ್ನೆ, ಡಿಎಕ್ಸ್ 2710 ಕೊಟ್ಟರೆ 10,000 ಮೈಕ್ರೊಸೆಕೆಂಡ್, ಅಂದರೆ 10 ಮಿಲಿಸೆಕೆಂಡ್. ಯಾವ ಯಂತ್ರದಲ್ಲೂ ಅಷ್ಟಕ್ಕಿಂತ ಮೊದಲು ಮುಂದಿನ ಹೆಜ್ಜೆ ಬೀಳದು. ಇಂಟರಪ್ಟ್ ಬಳಸಿ ಕಾಯುವ ಪ್ರಯೋಗಗಳನ್ನು ಮಾತ್ರ 64 ಬಿಟ್‌ನಲ್ಲಿ ನೆಚ್ಚಬೇಡಿ, ಐಆರ್‌ಕ್ಯು (ಕಾರ್ಡಿನ ಇಂಟರಪ್ಟ್ ಸಂಕೇತ) ಹಾದುಬರುವ ಸೌಲಭ್ಯ ವಿಎಂ86 ಮೇಲೆಯೇ ನಿಂತಿದೆ. ಪೋರ್ಟ್ ಸಿ ಬಿಟ್‌ಗಳನ್ನು ಪದೇ ಪದೇ ಓದುವ ಕ್ರಮಕ್ಕೆ ಬರೆದುಕೊಳ್ಳಿ.

8255 ಬದಲು 378ರ ಪ್ಯಾರಲಲ್ ಪೋರ್ಟ್ ಬಳಸುವವರು ಮೊದಲು $_ಎಲ್‌ಪಿಟಿ1 ಖಾಲಿ ಮಾಡಿ, ಡಾಸ್‌ಎಮುವಿನ ನಕಲಿ ಪ್ರಿಂಟರ್ ಅದೇ ವಿಳಾಸದಲ್ಲಿ ಕೂತಿರುತ್ತದೆ. ಕರ್ನೆಲ್‌ನಿಂದ ಎಲ್‌ಪಿ (ಪ್ರಿಂಟರ್) ಮಾಡ್ಯೂಲ್ ತೆಗೆಯಿರಿ. ಡಾಸ್‌ಎಮು ಬದಲು ಡಾಸ್‌ಬಾಕ್ಸ್-ಎಕ್ಸ್ ಎಂಬ ಇನ್ನೊಂದು ಡಾಸ್ ಅನುಕರಣ ತಂತ್ರಾಂಶ ಆದರೆ ದಾರಿಯೇ ಬೇರೆ: ಪ್ಯಾರಲಲ್1ಕ್ಕೆ ರಿಯಲ್‌ಎಲ್‌ಪಿಟಿ, ರಿಯಲ್‌ಪೋರ್ಟ್‌ಗೆ /ಡೆವ್/ಪಾರ್‌ಪೋರ್ಟ್0. ಅದಕ್ಕೆ ಪಿಪಿಡೆವ್ ಮಾಡ್ಯೂಲ್ ಇರಲೇಬೇಕು. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ ಪ್ರಿಂಟರ್‌ಗೆ ಮಾತ್ರ, ಅದರ ಹಿಂದೆ ಐ/ಒ ಪೋರ್ಟ್ ಎಂಬುದೇ ಇಲ್ಲ.

ಎಲ್ಲ ಸರಿಯಿದ್ದು ಮಳೆಗಾಲದಲ್ಲಿ ಮಾತ್ರ 55 ಬದಲು 54, 57 ಎಂದು ಒಂದೊಂದು ಬಿಟ್ ಕೈಕೊಟ್ಟರೆ ಸಾಫ್ಟ್‌ವೇರ್ ಮುಟ್ಟಬೇಡಿ. ಜೂನ್‌ನಿಂದ ಮಲೆನಾಡಿನ ಶೀತಕ್ಕೆ ಕಾರ್ಡಿನ ಬಂಗಾರದ ಪಟ್ಟಿಗಳ ಮೇಲೂ ಎಫ್‌ಆರ್‌ಸಿ ಸಾಕೆಟ್ಟಿನಲ್ಲೂ ಪೊರೆ ಕಟ್ಟುತ್ತದೆ. ವಿದ್ಯುತ್ ತೆಗೆದು ಕಾರ್ಡ್ ಕಳಚಿ, ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಇಂಟರ್‌ಫೇಸ್ ಬೋರ್ಡಿಗೆ ಬೇರೆ ಪವರ್ ಸಪ್ಲೈ ಇದ್ದರೆ ಕಂಪ್ಯೂಟರ್ ಮೊದಲು ಆನ್, ಬೋರ್ಡ್ ಆಮೇಲೆ. ಆಫ್ ಮಾಡುವಾಗ ಬೋರ್ಡ್ ಮೊದಲು. ತಿರುವುಮುರುವಾದರೆ ಆಫ್ ಇರುವ 8255ರ ಪಿನ್‌ಗಳೊಳಗೆ ಕೇಬಲ್ ಮೂಲಕ ಕರೆಂಟ್ ನುಗ್ಗುತ್ತದೆ. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕಿ, ಕರೆಂಟ್ ಹೋದ ಕೂಡಲೇ ಬೋರ್ಡಿನ ಸ್ವಿಚ್ ಕೈಯಿಂದಲೇ ಆರಿಸಿ.