ಮೊಣಕಾಲೂರಿ ಹಿಡಿಯುವ ಟ್ರೌಟ್

ಪುಣೆಯಲ್ಲಿ ಮನೆ ಮಾಡಿಕೊಂಡವರಿಗೆ ಟ್ರೌಟ್ ಮೀನಿನ ಹುಚ್ಚು ಹಿಡಿದರೆ ದೂರ ಹೋಗದೆ ಗತ್ಯಂತರವಿಲ್ಲ. ಅದು ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಉಸಿರಾಟವೇ ಕಷ್ಟ. ಸಹ್ಯಾದ್ರಿಯ ಹಳ್ಳಗಳು ಮಳೆಗಾಲ ಮುಗಿದ ಮೇಲೆ ಎಷ್ಟೇ ತಿಳಿಯಾಗಿ ಹರಿದರೂ ಟ್ರೌಟಿಗೆ ಒಗ್ಗುವಷ್ಟು ತಂಪಾಗುವುದಿಲ್ಲ. ನಾನು ಹೋಗುವುದು ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ. ಅಂಬಾಲಾವರೆಗೆ ರೈಲು, ಅಲ್ಲಿಂದ ಮಂಡಿ ಪಟ್ಟಣ ಹಾದು ಹೋಗುವ ಬಸ್ಸು, ಔಟ್ ಸುರಂಗಕ್ಕೆ ಮುಂಚೆ ತಿರುಗಿ ಲಾರ್ಜಿ, ಬಂಜಾರ್, ಗುಶೈಣಿ. ಹೊರಡುವುದು ಗಣಪತಿ ವಿಸರ್ಜನೆಯ ಗದ್ದಲವೆಲ್ಲ ಅಡಗಿದ ಮೇಲೆ, ಅಕ್ಟೋಬರ್ ಮೊದಲ ಭಾಗದಲ್ಲಿ.

ಈ ಅವಧಿಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಮಳೆಗಾಲದಲ್ಲಿ ಅಲ್ಲಿನ ನೀರು ಕೆಸರು ಹೊತ್ತು ಕಲ್ಲುಗಳನ್ನು ಉರುಳಿಸುತ್ತ ಬರುತ್ತದೆ. ಸೆಪ್ಟೆಂಬರ್ ಕೊನೆಗೆ ಸೆಳವು ಇಳಿದು, ಆಳದ ಮಡುವಿನಲ್ಲೂ ತಳದ ಕಲ್ಲು ಕಾಣುವಷ್ಟು ತಿಳಿಯಾಗುತ್ತದೆ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ನೀರುಗಳಲ್ಲಿ ಗಾಳ ಹಾಕುವಂತಿಲ್ಲ. ಅದು ಮೊಟ್ಟೆಯಿಡುವ ಕಾಲ. ನಡುವೆ ಉಳಿಯುವುದು ಕೆಲವೇ ವಾರಗಳು. ವರ್ಷದಲ್ಲಿ ಇದಕ್ಕಿಂತ ಚೆಂದದ ಮೀನುಬೇಟೆ ಇಲ್ಲ, ಇದಕ್ಕಿಂತ ಕಠಿಣವಾದದ್ದೂ ಇಲ್ಲ. ನೀವು ಮೀನನ್ನು ನೋಡುವ ಮೊದಲು ಮೀನು ನಿಮ್ಮನ್ನು ನೋಡಿರುತ್ತದೆ.

ಎರೆಹುಳು ಚುಚ್ಚಿ ಗಾಳ ಹಾಕಿದವರಿಗೆ ಫ್ಲೈ ಫಿಶಿಂಗ್‌ನ ವ್ಯತ್ಯಾಸವನ್ನು ಎರಡು ಮಾತಿನಲ್ಲಿ ಹೇಳಬಹುದು. ಗಾಳದಲ್ಲಿ ತುದಿಯ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಕೊಕ್ಕೆಗೆ ಗರಿ ಸುತ್ತಿ ಮಾಡಿದ ಹುಳುವಿಗೆ ತೂಕವೇ ಇಲ್ಲ, ತೂಕ ಇರುವುದು ದಪ್ಪನೆಯ ಲೈನಿನಲ್ಲಿ. ರಾಡನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಆ ಲೈನನ್ನು ಗಾಳಿಯಲ್ಲಿ ಬಿಚ್ಚಬೇಕು. ಚಿತ್ರಗಳಲ್ಲಿ ತೋರಿಸುವ ಉದ್ದನೆಯ, ಸುಂದರವಾದ ಬೀಸು ಅದೇ. ಅದರ ಮೋಹಕ್ಕೆ ಬಿದ್ದು ಬರುವವರು ಬಹಳ. ಆದರೆ ನಾಲ್ಕು ಹೆಜ್ಜೆ ಅಗಲದ ಹಳ್ಳದಲ್ಲಿ ಆ ಬೀಸಿಗೆ ಜಾಗವೂ ಇಲ್ಲ, ಕೆಲಸವೂ ಇಲ್ಲ. ಅಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ನೀವು ಎಲ್ಲಿ ನಿಂತಿದ್ದೀರಿ, ಅಥವಾ ಎಲ್ಲಿ ಕುಳಿತಿದ್ದೀರಿ ಎಂಬುದು.

ಹಾಗಾಗಿ ಪುಣೆಯಲ್ಲಿ ನನ್ನ ಅಭ್ಯಾಸವೂ ಮೊಣಕಾಲೂರಿಯೇ ನಡೆಯುತ್ತದೆ. ಬೆಳಗ್ಗೆ ವೇತಾಳ ಟೇಕಡಿ ಎಂಬ ಗುಡ್ಡಕ್ಕೆ ಹೋಗಿ, ಕೊಕ್ಕೆಯ ಬದಲು ಉಣ್ಣೆಯ ಎಳೆ ಕಟ್ಟಿ, ಒಂದು ಸ್ಟೀಲ್ ತಟ್ಟೆಯನ್ನು ಗುರಿಯಿಟ್ಟುಕೊಂಡು ಎಸೆಯುತ್ತೇನೆ. ಅಲ್ಲಿ ನೆಟ್ಟಿರುವ ಗ್ಲಿರಿಸಿಡಿಯಾ ಮರಗಳ ಕೊಂಬೆಗಳು ತಗ್ಗಿನಲ್ಲಿ ಚಾಚಿಕೊಂಡಿರುವುದರಿಂದ ರಾಡನ್ನು ತಲೆಯ ಮೇಲೆ ಎತ್ತದೆ ಪಕ್ಕದಿಂದ ಬೀಸುವುದು ತಾನಾಗಿಯೇ ರೂಢಿಯಾಗುತ್ತದೆ. ವಾಕಿಂಗ್ ಬಂದವರು ‘ಇಲ್ಲಿ ಮೀನೆಲ್ಲಿದೆ ಕಾಕಾ?’ ಎಂದು ಮರಾಠಿಯಲ್ಲಿ ಕೇಳುತ್ತಾರೆ. ಕೆಲವರು ನಿಂತು ತಾವೂ ಬೀಸಿ ನೋಡುತ್ತಾರೆ. ಮುಖ್ಯವಾಗಿ ಕಲಿಯಬೇಕಾದ ಇನ್ನೊಂದು ಎಸೆತಕ್ಕೆ ಬೀಸೇ ಬೇಡ: ಹುಳುವನ್ನು ಎಡಗೈ ಬೆರಳುಗಳಲ್ಲಿ ಹಿಡಿದು, ಬಿಲ್ಲಿಗೆ ಹೆದೆಯೇರಿಸಿದಂತೆ ರಾಡನ್ನು ಬಗ್ಗಿಸಿ ಬಿಟ್ಟುಬಿಡುವುದು. ಪೊದೆಯ ಕೆಳಗಿನ ಮಡುವಿಗೆ ಹುಳುವನ್ನು ಕಳಿಸಲು ಬೇರೆ ದಾರಿಯಿಲ್ಲ.

ಜೀವಂತ ಮೀನಿನ ಮೇಲೆ ಕೈ ಪಳಗಿಸಲು ಮುಳಶಿ ಕಡೆಯ ಹಳ್ಳಗಳಿವೆ. ಊರಿನವರನ್ನು ಕೇಳಿಕೊಂಡು ಇಳಿದರೆ, ಬೆರಳುದ್ದದ ಬ್ಯಾರಿಲಿಯಸ್ ಮೀನುಗಳು ಅಕ್ಕಿಕಾಳಿನಷ್ಟು ಸಣ್ಣ ಹುಳುವಿಗೂ ಹಾರಿ ಬರುತ್ತವೆ. ಪಾರ್ಶ್ವದ ಮೇಲೆ ನೀಲಿ ಪಟ್ಟೆಗಳಿರುವ, ಚುರುಕಾದ ಮೀನು. ಟ್ರೌಟಿನಷ್ಟೇ ಅಂಜುಬುರುಕ, ಅದಕ್ಕೇ ಒಳ್ಳೆಯ ಗುರು. ಮಹಶೀರ್ ಮರಿಗಳು ಕಂಡ ಕಡೆ ನಾನು ಲೈನ್ ಸುತ್ತಿಕೊಂಡು ಮುಂದೆ ಹೋಗುತ್ತೇನೆ. 1839ರಲ್ಲಿ ಕರ್ನಲ್ ಸೈಕ್ಸ್ ದಖ್ಖನ್ ಮಹಶೀರನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಇದೇ ಪುಣೆಯ ಮುಳಾ-ಮುಠಾ ನದಿಯ ಮೀನಿನಿಂದ. ಆ ನದಿಯ ಇಂದಿನ ಸ್ಥಿತಿ ನೋಡಿದ ಮೇಲೆ ಅದರ ಮರಿಗಳಿಗೆ ಕೊಕ್ಕೆ ಚುಚ್ಚಲು ನನ್ನ ಕೈ ಬರುವುದಿಲ್ಲ.

ಹುಳುಗಳನ್ನು ಮನೆಯಲ್ಲಿಯೇ ಕಟ್ಟುತ್ತೇನೆ. ಜವಾರಿ ಹುಂಜದ ಕತ್ತಿನ ಗರಿ ಕೋಳಿ ಅಂಗಡಿಯಲ್ಲಿ ಸಿಗುತ್ತದೆ. ಅದರ ಗಡಸು ಎಳೆಗಳನ್ನು ಕೊಕ್ಕೆಗೆ ಸುತ್ತಿದರೆ ಹುಳು ನೀರಿನ ಮೇಲೆ ಕಾಲೂರಿ ನಿಲ್ಲುತ್ತದೆ. ನೀರೊಳಗೆ ಮುಳುಗುವ, ನೀರಹುಳದ ಮರಿಯನ್ನು ಹೋಲುವ ನಿಂಫ್‌ಗೆ ತೆಳ್ಳನೆಯ ತಾಮ್ರದ ತಂತಿ, ಮೇಲೆ ಕಂದು ಗರಿಯ ಎಳೆ. ಮಿಡತೆಗೆ ಅಪ್ಪಾ ಬಳವಂತ ಚೌಕದ ಸ್ಟೇಷನರಿ ಅಂಗಡಿಯ ಫೋಮ್ ಹಾಳೆ ಸಾಕು. ಮಿಡತೆಯನ್ನು ಮಾತ್ರ ಯಾರೂ ಬಿಟ್ಟು ಹೋಗಬಾರದು. ಅಕ್ಟೋಬರ್‌ನಲ್ಲಿ ತೀರ್ಥನ್ ಕಣಿವೆಯ ಹೆಂಗಸರು ಚಳಿಗಾಲದ ಮೇವಿಗಾಗಿ ಇಳಿಜಾರಿನ ಹುಲ್ಲು ಕೊಯ್ಯುತ್ತಾರೆ. ಆಶ್ರಯ ಕಳೆದುಕೊಂಡ ಮಿಡತೆಗಳು ಹಾರಿ ಹಾರಿ ನೀರಿಗೆ ಬೀಳುತ್ತವೆ. ಮೇಲೆ ಎಲ್ಲಿ ಕುಡುಗೋಲು ಆಡುತ್ತಿದೆಯೋ ಅದರ ಕೆಳಗಿನ ನೀರನ್ನು ನಾನು ಮೊದಲು ನೋಡುತ್ತೇನೆ.

ಸಾಮಾನು ಹೆಚ್ಚಿಲ್ಲ. ಏಳೂವರೆ ಅಡಿಯ, ಹಗುರ ಲೈನಿಗೆ ಹೊಂದುವ ಮೂರನೇ ತೂಕದ ರಾಡ್. ಲೈನಿನ ತುದಿಗೆ ಒಂಬತ್ತು ಅಡಿಯ ತೆಳು ದಾರ, ಅಂದರೆ ಲೀಡರ್; ಅದರ ತುದಿಗೆ ಹುಳು ಕಟ್ಟುವ, 0.15 ಮಿಲಿಮೀಟರ್ ದಪ್ಪದ 5ಎಕ್ಸ್ ಟಿಪೆಟ್. ನೀರು ತೀರ ಕಡಿಮೆಯಿದ್ದರೆ 0.13ರ 6ಎಕ್ಸ್. ಒಂದು ಥರ್ಮಾಮೀಟರ್. ಮಾಸಲು ಬಣ್ಣದ ಅಂಗಿ. ಪರವಾನಿಗೆಯನ್ನು ಮೀನುಗಾರಿಕೆ ಇಲಾಖೆಯಿಂದ ಪಡೆಯುವಾಗಲೇ ಹೊಳೆಯ ಯಾವ ಭಾಗ ಗಾಳಕ್ಕೆ ತೆರೆದಿದೆ ಎಂದು ಕೇಳಿಕೊಳ್ಳಬೇಕು. ಮೇಲ್ಗಡೆಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ 2014ರಿಂದ ಯುನೆಸ್ಕೋ ವಿಶ್ವಪರಂಪರೆಯ ತಾಣ. ಅದರೊಳಗೆ ಗಾಳದ ಮಾತೇ ಇಲ್ಲ. ದಸರೆಯ ವಾರ ಹೋಗುವವರು ಉಳಿಯುವ ಜಾಗವನ್ನು ಮೊದಲೇ ಗೊತ್ತು ಮಾಡಿಕೊಳ್ಳಲಿ. ವಿಜಯದಶಮಿಗೆ ನಮ್ಮ ಮೈಸೂರಿನ ದಸರೆ ಮುಗಿದರೆ ಕುಲ್ಲುವಿನ ದಸರೆ ಅಂದು ಶುರುವಾಗುತ್ತದೆ. ಕಣಿವೆಯ ದೇವರುಗಳೆಲ್ಲ ಪಲ್ಲಕ್ಕಿಯಲ್ಲಿ ಕುಲ್ಲುವಿಗೆ ಹೊರಡುತ್ತವೆ, ರಸ್ತೆಗಳು ತುಂಬಿಹೋಗುತ್ತವೆ.

ಗುಶೈಣಿಯಲ್ಲಿ ತೀರ್ಥನ್‌ಗೆ ಫಲಾಚನ್ ಎಂಬ ಚಿಕ್ಕ ಹೊಳೆ ಬಂದು ಸೇರುತ್ತದೆ. ನನಗೆ ದೊಡ್ಡ ಹೊಳೆಗಿಂತ ಇಂಥದೇ ನೀರು ಪ್ರಿಯ. ಬೆಳಗ್ಗೆ ಬೇಗನೆ ಏಳುವ ಅಗತ್ಯವಿಲ್ಲ. ರಾತ್ರಿಯ ಚಳಿಗೆ ನೀರು 7 ಡಿಗ್ರಿಗಿಂತ ಕೆಳಗಿಳಿದಿದ್ದರೆ ಮೀನು ತಳದಲ್ಲಿ ಜಡವಾಗಿ ಬಿದ್ದಿರುತ್ತದೆ. ಕಣಿವೆಗೆ ಬಿಸಿಲು ಇಳಿದು ಥರ್ಮಾಮೀಟರ್ 9, 10 ತೋರಿಸಿದ ಮೇಲೆ ನನ್ನ ಕೆಲಸ. ಹತ್ತೂವರೆಯಿಂದ ಮೂರು ಗಂಟೆಯವರೆಗೆ, ಮೊದಲು ನಿಂಫ್, ನಡುಹಗಲಿನಲ್ಲಿ ಮೇಲ್ತೇಲುವ ಹುಳು. ಮೋಡ ಕವಿದ ದಿನ ಮೇಫ್ಲೈ ಎಂಬ ಸಣ್ಣ ರೆಕ್ಕೆಯ ಹುಳಗಳು ನೀರಿನಿಂದ ಏಳುತ್ತವೆ. ಅಂದು ಮಿಡತೆಯನ್ನು ಬಿಚ್ಚಿ 18ನೇ ಅಳತೆಯ ಪುಟ್ಟ ಬೂದು ಹುಳು ಕಟ್ಟುತ್ತೇನೆ.

ಟ್ರೌಟ್ ಹರಿವಿಗೆ ಎದುರಾಗಿ ನಿಲ್ಲುತ್ತದೆ, ತಿನಿಸು ಮೇಲಿನಿಂದ ತೇಲಿ ಬರುವುದರಿಂದ. ಆದ್ದರಿಂದ ಅದರ ನೇರ ಹಿಂಭಾಗವೇ ಅದಕ್ಕೆ ಕಾಣದ ಜಾಗ. ನಾನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗುತ್ತೇನೆ. ಬೆಳಕು ನೀರನ್ನು ಹೊಕ್ಕಾಗ ಬಾಗುವುದರಿಂದ ನೀರೊಳಗಿನ ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲಿನ ಸುಮಾರು 97 ಡಿಗ್ರಿಯ ಒಂದು ದುಂಡು ಕಿಂಡಿಯೊಳಗೆ ಕಾಣುತ್ತದೆ. ಕಿಂಡಿಯ ಅಂಚಿನಲ್ಲಿ, ನೀರಿನ ಮಟ್ಟಕ್ಕೆ ಸಮೀಪದಲ್ಲಿರುವುದೆಲ್ಲ ಚಪ್ಪಟೆಯಾಗಿ, ಮಸುಕಾಗಿ ಕಾಣುತ್ತದೆ. ನಿಂತ ಮನುಷ್ಯ ಆ ಅಂಚನ್ನು ದಾಟಿ ಮೇಲೆ ಚಾಚಿಕೊಂಡಿರುತ್ತಾನೆ. ಮೊಣಕಾಲೂರಿದವನು ಅಂಚಿನ ಮಸುಕಿನಲ್ಲಿ ಕರಗುತ್ತಾನೆ. ಮೊಣಕಾಲು ನೋವಿಗೆ ಹೆದರಿ ನಿಂತು ಎಸೆಯುವವರಿಗೆ ಮಡುವಿನ ಸಣ್ಣ ಮೀನು ಸಿಗಬಹುದು, ದೊಡ್ಡದು ಸಿಗುವುದಿಲ್ಲ. ಶರತ್ಕಾಲದ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ನೆರಳು ಉದ್ದವಾಗಿ ಬೀಳುತ್ತದೆ ಎಂಬುದೂ ನೆನಪಿರಲಿ. ಬಿಸಿಲು ಬೆನ್ನಿಗಿದ್ದರೆ ನನಗಿಂತ ಮೊದಲು ನನ್ನ ನೆರಳು ಮಡುವಿಗೆ ಇಳಿದಿರುತ್ತದೆ. ಆಗ ಸುತ್ತಿ ಹೋಗಿ ಇನ್ನೊಂದು ದಡ ಹಿಡಿಯುತ್ತೇನೆ.

ಜಾಗಕ್ಕೆ ಬಂದ ಮೇಲೂ ಸ್ವಲ್ಪ ಹೊತ್ತು ಎಸೆಯುವುದಿಲ್ಲ. ನೊರೆ ಯಾವ ಗೆರೆಯಲ್ಲಿ ಹರಿಯುತ್ತಿದೆ ಎಂದು ನೋಡುತ್ತೇನೆ, ಏಕೆಂದರೆ ಮೀನಿನ ಊಟವೂ ಅದೇ ಗೆರೆಯಲ್ಲಿ ಹರಿಯುತ್ತದೆ. ವೇಗದ ನೀರು ನಿಧಾನದ ನೀರಿಗೆ ತಾಗುವ ಅಂಚು, ಬಂಡೆಯ ಮುಂಭಾಗದಲ್ಲಿ ನೀರು ಮೆತ್ತಗಾಗುವ ಜಾಗ, ಬೇರಿನ ಕೆಳಗೆ ಕೊರೆದ ದಡ, ಘರಾಟ್ ಎಂಬ ಹಿಟ್ಟಿನ ನೀರುಗಿರಣಿಯಿಂದ ನೀರು ಮರಳಿ ಹೊಳೆಗೆ ಬೀಳುವ ಕಡೆ, ಇವೆಲ್ಲ ಟ್ರೌಟಿನ ಮನೆಗಳು. ಮೊದಲ ಎಸೆತ ಮಡುವಿನ ಬಾಲಕ್ಕೆ, ಅಂದರೆ ಕೆಳತುದಿಗೆ, ನಂತರ ಮೇಲಕ್ಕೆ. ಬಾಲದಲ್ಲಿರುವ ಮೀನನ್ನು ಬೆದರಿಸಿದರೆ ಅದು ಮೇಲಕ್ಕೆ ಓಡಿ ಇಡೀ ಮಡುವಿಗೆ ಸುದ್ದಿ ಮುಟ್ಟಿಸುತ್ತದೆ.

ಇನ್ನುಳಿದದ್ದು ಎಳೆತದ ಸಮಸ್ಯೆ. ಲೈನ್ ವೇಗದ ನೀರಿನ ಮೇಲೆ ಬಿದ್ದರೆ ಹುಳುವನ್ನು ಎಳೆಯುತ್ತದೆ. ತೇಲಿ ಬರುವ ನಿಜವಾದ ಹುಳು ಸಾಮಾನ್ಯವಾಗಿ ಹಾಗೆ ಗೀರೆಳೆದುಕೊಂಡು ಓಡುವುದಿಲ್ಲ. ನಾನು ರಾಡಿನ ತುದಿಯನ್ನು ಎತ್ತಿ ಹಿಡಿದು, ಲೀಡರಿನ ಕೊನೆಯ ಭಾಗ ಮಾತ್ರ ನೀರಿಗೆ ತಾಗುವಂತೆ ನೋಡಿಕೊಳ್ಳುತ್ತೇನೆ. ಎರಡು ಮೀಟರ್ ಶುದ್ಧವಾದ ತೇಲಾಟ ಸಿಕ್ಕರೆ ಸಾಕು. ಉದ್ದ ಎಸೆದವರಿಗೆ ಇದು ಸಿಗುವುದಿಲ್ಲ.

ಸಿಗುವ ಮೀನು ಹೆಚ್ಚಾಗಿ ಕಂದು ಟ್ರೌಟ್, ಮೈತುಂಬ ಕಪ್ಪು ಕೆಂಪು ಚುಕ್ಕೆ, ಶರತ್ಕಾಲದಲ್ಲಿ ಹೊಟ್ಟೆಗೆ ಬೆಣ್ಣೆಯ ಹಳದಿ. ಕಾಶ್ಮೀರಕ್ಕೆ ಮೊದಲು ಬಂದು, ಅಲ್ಲಿಂದ 1909ರಲ್ಲಿ ಕುಲ್ಲುವಿಗೆ ತಂದ ಮೊಟ್ಟೆಗಳ ಸಂತತಿ ಇದು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುವುದರಿಂದ ಬಿಡಿಸುವುದು ಸುಲಭ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನೊಳಗೇ ಹಿಡಿದು ಬಿಡುತ್ತೇನೆ. ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ಅದಕ್ಕೆ ಸೋಂಕು ತಗಲುತ್ತದೆ. ಜೊತೆಗೆ ಬರುವ ಹೊನ್ನಾವರ ಕಡೆಯ ಗೆಳೆಯನಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. ‘ಇಷ್ಟು ದೂರ ಬಂದು ಹಿಡಿದದ್ದನ್ನು ನೀರಿಗೇ ಬಿಡುವುದೇ ಮಾರಾಯ?’ ಎನ್ನುತ್ತಾನೆ. ಅವನಿಗಾಗಿ ಸಂಜೆ ಊರಿನವರು ತೊಟ್ಟಿಯಲ್ಲಿ ಸಾಕಿದ ಮಳೆಬಿಲ್ಲು ಟ್ರೌಟ್ ಕೊಳ್ಳುತ್ತೇವೆ. ಮನೆಯಿಂದ ತಂದ ಮೆಣಸಿನ ಮಸಾಲೆ ಹಚ್ಚಿ ಅವನೇ ಹುರಿಯುತ್ತಾನೆ. ಕಾಡಿನ ಹಳ್ಳದಲ್ಲಿ ಅಂಗೈಯುದ್ದ ಬೆಳೆಯಲು ವರ್ಷಗಳೇ ಬೇಕಾದ ಮೀನನ್ನು ಬಾಣಲೆಗೆ ಹಾಕುವುದಕ್ಕಿಂತ ಇದು ಎಷ್ಟೋ ಮೇಲು, ಊರಿನವರ ಕೈಗೂ ನಾಲ್ಕು ಕಾಸು.

ಅಕ್ಟೋಬರ್ ಮೂರನೆಯ ವಾರದ ಹೊತ್ತಿಗೆ ಹಳ್ಳದ ತಳವನ್ನು ಬೇರೆ ಕಣ್ಣಿನಿಂದ ನೋಡಬೇಕು. ಹೆಣ್ಣು ಟ್ರೌಟ್ ಬಾಲದಿಂದ ಜಲ್ಲಿಯನ್ನು ಕೆದಕಿ ಗುಳಿ ಮಾಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಪಾಚಿ ಹಿಡಿದ ಮಾಸಲು ತಳದ ನಡುವೆ ಬೆಳ್ಳಗೆ ತೊಳೆದಂತಿರುವ ಜಲ್ಲಿಯ ಜಾಗ ಕಂಡರೆ ಅಲ್ಲಿ ಕಾಲಿಡಬಾರದು. ಒಂದು ಹೆಜ್ಜೆಗೆ ನೂರಾರು ಮೊಟ್ಟೆಗಳು ನುಜ್ಜಾಗುತ್ತವೆ. ಜೋಡಿ ಮೀನುಗಳು ತೆಳುನೀರಿನಲ್ಲಿ ಅಂಥ ಜಾಗದ ಮೇಲೆ ನಿಂತಿರುವುದು ಕಂಡರೆ ಎಸೆಯಲೂ ಬಾರದು, ಪರವಾನಿಗೆಯಲ್ಲಿ ಇನ್ನೂ ದಿನಗಳು ಉಳಿದಿದ್ದರೂ ಸರಿಯೇ. ಅಂಥ ಮೊದಲ ಗುಳಿ ಕಂಡ ದಿನವೇ ನಾನು ಫಲಾಚನ್‌ನ ನೀರು ಬಿಟ್ಟು ದಡಕ್ಕೆ ಬರುತ್ತೇನೆ. ತಿಂಗಳ ಉಳಿದ ದಿನಗಳಿಗೆ ಬಂಜಾರಿನ ಕೆಳಗೆ ತೀರ್ಥನ್‌ನ ಆಳವಾದ ನೀರಿದೆ. ಅಲ್ಲಿ ದಡದ ಬಂಡೆಯ ಮೇಲಿನಿಂದಲೇ ಎಸೆಯಬಹುದು, ಜಲ್ಲಿಗೆ ಇಳಿಯುವ ಅಗತ್ಯವಿಲ್ಲ.