ತುಮಕೂರಿನಿಂದ ಜರ್ಮನಿಗೆ ಓದಲು ಹೋಗ್ಬೇಕಾ? ಹೀಗೆ ಶುರು ಮಾಡಿ

ಜರ್ಮನಿಯಲ್ಲಿ ಎಂ.ಎಸ್. ಮಾಡುವ ಆಸೆ ಇದ್ದರೆ ಒಂದು ವರ್ಷ ಮೊದಲೇ ಕೆಲಸ ಶುರು ಮಾಡಿ. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ, ತುಮಕೂರು ಅಂಚೆ ಕಚೇರಿಯಲ್ಲೇ ಆಗುತ್ತದೆ. ಆದರೆ ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಮಾರ್ಕ್ಸ್ ಕಾರ್ಡಲ್ಲಿ ಬರೀ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಲ್ಲಿ ಅದನ್ನೇ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲಾ ಬರೆಸಿರುತ್ತೇವೆ, ಆಮೇಲೆ ಎರಡೂ ನಾನೇ ಅಂತ ಅಫಿಡವಿಟ್ ಹಿಡಿದು ಓಡಾಡಬೇಕಾಗುತ್ತದೆ.

ವೀಸಾಗೆ ಮೊದಲು ಎಪಿಎಸ್ ಸರ್ಟಿಫಿಕೇಟ್ ಬೇಕು, ಅಂದರೆ ನಿಮ್ಮ ಮಾರ್ಕ್ಸ್ ಕಾರ್ಡು, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕ 2 ವರ್ಷ ನಡೆಯುತ್ತದೆ, ಬೇಗ ಬರೆದುಬಿಡಿ.

ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ. ಆದರೆ ವೀಸಾಗಾಗಿ ಬ್ಲಾಕ್ಡ್ ಅಕೌಂಟಿಗೆ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ಒಂದು ವರ್ಷದ ಖರ್ಚಿಗೆ 11,904 ಯೂರೋ ಮೊದಲೇ ಹಾಕಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಕೈಗೆ ಸಿಗುತ್ತದೆ. ಅದು ಫೀಸಲ್ಲ, ಊಟ-ಬಾಡಿಗೆಗೆ ನಿಮ್ಮದೇ ದುಡ್ಡು. ಇದನ್ನು ಮನೆಯಲ್ಲಿ ಬಿಡಿಸಿ ಹೇಳಿ, ಇಲ್ಲಾಂದ್ರೆ ಸುಮ್ನೆ ಗಾಬರಿಯಾಗಿ ಜಮೀನು ಮಾರುವ ಮಾತು ತೆಗೆಯುತ್ತಾರೆ. ಮೊದಲು ಬ್ಯಾಂಕಿನಲ್ಲಿ ಎಜುಕೇಷನ್ ಲೋನ್ ವಿಚಾರಿಸಿ.