ಹಾರ್ಮೋನ್ ಚುಚ್ಚುಮದ್ದಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗದಿದ್ದಾಗ ಮಾಡಬೇಕಾದದ್ದೇನು?

ಹಾರ್ಮೋನ್ ಚುಚ್ಚುಮದ್ದು ಪಡೆಯುತ್ತಿರುವಾಗಲೇ ಪಿಎಸ್‌ಎ (ಪ್ರಾಸ್ಟೇಟ್ ರೋಗದ ಸುಳಿವು ಕೊಡುವ, ರಕ್ತದಲ್ಲಿ ಅಳೆಯುವ ಪ್ರೋಟೀನ್) ಮತ್ತೆ ಏರತೊಡಗಿತೆಂದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇನ್ನು ಮದ್ದಿಲ್ಲವೆಂದು ಕೈಚೆಲ್ಲುತ್ತಾರೆ. ಮದ್ದು ಇದೆ, ಒಂದಲ್ಲ, ಹಲವಿವೆ. ಆದರೆ ದುಬಾರಿ ಮಾತ್ರೆಗಳನ್ನು ತಂದು ತಪ್ಪು ಹೊತ್ತಿನಲ್ಲಿ ನುಂಗುವವರನ್ನು ಕಂಡೂ ಕಂಡೂ ಇದನ್ನು ಬರೆಯುತ್ತಿದ್ದೇನೆ.

ಮೊದಲು ಟೆಸ್ಟೋಸ್ಟೆರಾನ್, ಅಂದರೆ ಚುಚ್ಚುಮದ್ದು ತಗ್ಗಿಸಬೇಕಾದ ಪುರುಷ ಹಾರ್ಮೋನಿನ, ಪರೀಕ್ಷೆ ಮಾಡಿಸಿ. ಅದು ಪ್ರತಿ ಡೆಸಿಲೀಟರ್‌ಗೆ 50 ನ್ಯಾನೋಗ್ರಾಂಗಿಂತ ಕೆಳಗಿದ್ದೂ ರೋಗ ಮುಂದುವರಿಯುತ್ತಿದ್ದರೆ ಮಾತ್ರ ಹಾರ್ಮೋನ್ ಚಿಕಿತ್ಸೆಗೆ ಬಗ್ಗುತ್ತಿಲ್ಲ ಎನ್ನಬಹುದು. ಮೇಲಿದ್ದರೆ ಚುಚ್ಚುಮದ್ದಿನ ದಿನ ತಪ್ಪಿದೆಯೇ ಎಂದು ಹಳೆಯ ಚೀಟಿಗಳನ್ನು ತೆಗೆದು ನೋಡಿ. ಪಿಎಸ್‌ಎಯನ್ನು ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಮೂತ್ರದ ಸೋಂಕಿದ್ದಾಗ ಬಂದ ಅಂಕಿಯನ್ನು ನೆಚ್ಚಬೇಡಿ.

ಹೊಸ ಔಷಧ ಆರಂಭವಾದರೂ ಹಳೆಯ ಚುಚ್ಚುಮದ್ದನ್ನು ನಿಲ್ಲಿಸಬಾರದು. ವೃಷಣ ತೆಗೆಸಿಕೊಂಡವರಿಗಷ್ಟೇ ಅದು ಬೇಡ.

ಸ್ಕ್ಯಾನ್ ಮತ್ತು ಬಿಆರ್‌ಸಿಎ ವಂಶವಾಹಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಓಲಾಪರಿಬ್‌ನಂತಹ ಮಾತ್ರೆ ಕೊಡಬಹುದೇ ಎಂಬುದು ಈ ವಂಶವಾಹಿಯ ದೋಷವನ್ನು ಅವಲಂಬಿಸಿದೆ.

ಇನ್ನು ಹೆಚ್ಚಿನವರು ಎಡವುವ ಹಂತ, ಪುರುಷ ಹಾರ್ಮೋನಿನ ತಯಾರಿಯನ್ನೇ ತಡೆಯುವ ಅಬಿರಾಟೆರೋನ್ ಮಾತ್ರೆ. ರೂಢಿಯ ಪ್ರಮಾಣ ದಿನಕ್ಕೆ 1000 ಮಿಲಿಗ್ರಾಂ, ಅಂದರೆ 250ರ ನಾಲ್ಕು ಮಾತ್ರೆಗಳು, ಒಂದೇ ಸಲಕ್ಕೆ, ಖಾಲಿ ಹೊಟ್ಟೆಗೆ. ನುಂಗುವ ಮೊದಲು ಎರಡು ಗಂಟೆ, ನುಂಗಿದ ಮೇಲೆ ಒಂದು ಗಂಟೆ ಏನನ್ನೂ ತಿನ್ನಬಾರದು. ಎಣ್ಣೆ, ತುಪ್ಪ, ತೆಂಗಿನಹಾಲಿನ ಕೊಬ್ಬು ಹೊಟ್ಟೆಯಲ್ಲಿದ್ದರೆ ಔಷಧ ಹಲವು ಪಟ್ಟು ಹೆಚ್ಚು ರಕ್ತಕ್ಕೆ ಸೇರಿ ಅಡ್ಡಪರಿಣಾಮ ಹೆಚ್ಚಬಹುದು. ಇದರ ಜೊತೆಗೆ ಬರೆದುಕೊಡುವ ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ತದ್ವಿರುದ್ಧ, ಅದನ್ನು ಊಟದೊಂದಿಗೆ ತೆಗೆದುಕೊಳ್ಳಬೇಕು. ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಗಂಜಿ ಉಂಡ ಮೇಲೆ ಒಟ್ಟಿಗೆ ನುಂಗುವುದೇ ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಬೆಳಗ್ಗೆ ಆರಕ್ಕೆ ಎದ್ದೊಡನೆ ನೀರಿನ ಜೊತೆ ಅಬಿರಾಟೆರೋನ್, ಏಳು ಕಳೆದ ಮೇಲೆ ಕಾಫಿ, ಆಮೇಲೆ ಕುಚ್ಚಲಕ್ಕಿ ಗಂಜಿಯ ಜೊತೆ ಪ್ರೆಡ್ನಿಸೋಲೋನ್: ಈ ಕ್ರಮವನ್ನು ಕಾಗದದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಸ್ಟೆರಾಯ್ಡ್ ಎಂದು ಹೆದರಿ ಪ್ರೆಡ್ನಿಸೋಲೋನನ್ನು ಬಿಟ್ಟರೆ ರಕ್ತದೊತ್ತಡ ಏರಿ, ಪೊಟ್ಯಾಸಿಯಂ ಇಳಿದು, ಕಾಲು ಬಾತುಕೊಳ್ಳಬಹುದು. ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಯಕೃತ್ತಿನ ಪರೀಕ್ಷೆ ಆಗಬೇಕು. ಮಳೆಗಾಲದಲ್ಲಿ ಘಟ್ಟದ ತಪ್ಪಲಿನಿಂದ ಬರುವುದು ಕಷ್ಟವಾದರೆ ಹತ್ತಿರದ ಲ್ಯಾಬಿನಲ್ಲಾದರೂ ಮಾಡಿಸಿ ವರದಿ ಕಳುಹಿಸಿ. ಮನೆಯಲ್ಲಿ ಬಸುರಿ ಮಗಳೋ ಸೊಸೆಯೋ ಇದ್ದರೆ ಅಬಿರಾಟೆರೋನ್ ಮಾತ್ರೆಯನ್ನು ಅವರು ಬರಿಗೈಯಲ್ಲಿ ಮುಟ್ಟಬಾರದು.

ಊಟದೊಂದಿಗೆ ಅಬಿರಾಟೆರೋನ್‌ನ ಒಂದೇ ಮಾತ್ರೆ ಸಾಕು ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬಂದಿರಬಹುದು. ಖರ್ಚು ಇಳಿಸಲು ಕೆಲವು ವೈದ್ಯರು ತಿಂಡಿಯೊಂದಿಗೆ 250 ಮಿಲಿಗ್ರಾಂ ಕೊಡುವುದುಂಟು, ಅದಕ್ಕೆ ಅಧ್ಯಯನದ ಆಧಾರವೂ ಇದೆ. ಆದರೆ ಆ ತೀರ್ಮಾನ ವೈದ್ಯರದ್ದೇ ಆಗಬೇಕು. ಪುರುಷ ಹಾರ್ಮೋನಿನ ಕೆಲಸವನ್ನು ತಡೆಯುವ ಇನ್ನೊಂದು ಔಷಧ ಎನ್ಜಲುಟಮೈಡ್‌ಗೆ ಊಟದ ಕಟ್ಟುಪಾಡಿಲ್ಲ, ಆದರೆ ಹಿಂದೆ ಅಪಸ್ಮಾರ ಬಂದಿದ್ದರೆ ಮೊದಲೇ ತಿಳಿಸಬೇಕು. ‘ಪ್ರಾಸ್ಟೇಟ್ ಶುದ್ಧಿ’ಯ ಹೆಸರಿನಲ್ಲಿ ಮಾರುವ ಪುಡಿ, ಕಷಾಯಗಳಿಗೆ ಒಂದು ರೂಪಾಯಿಯನ್ನೂ ಸುರಿಯಬೇಡಿ, ಅವುಗಳಲ್ಲಿ ಕೆಲವು ಯಕೃತ್ತಿಗೇ ಹೊರೆಯಾಗುತ್ತವೆ.

ಕೀಮೋ ಎಂದೊಡನೆ ಬೇಡವೆನ್ನುವವರಿಗೆ ನನ್ನ ಕಳಕಳಿಯ ಮಾತು: ಮೂರು ವಾರಕ್ಕೊಮ್ಮೆ ಕೊಡುವ ಡೋಸಿಟ್ಯಾಕ್ಸೆಲ್ ಆಯುಷ್ಯ ಹೆಚ್ಚಿಸುತ್ತದೆ ಎಂಬುದು 2004ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲೇ ಸಾಬೀತಾಗಿದೆ. ಮೈಯಲ್ಲಿ ಶಕ್ತಿ ಇರುವಾಗಲೇ ಅದನ್ನು ಪಡೆಯುವುದು ಮೇಲು. ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮುಂದಕ್ಕೆ ಕಾಬಾಜಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ, ಪಿಎಸ್‌ಎಂಎ (ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲಿರುವ ಒಂದು ಪ್ರೋಟೀನ್) ಹುಡುಕುವ ಸ್ಕ್ಯಾನಿನಲ್ಲಿ ಗಡ್ಡೆ ಕಾಣುವವರಿಗೆ ಲುಟೀಶಿಯಂ ಎಂಬ ವಿಕಿರಣ ಔಷಧ ಇವೆ. ಖರ್ಚಿನ ಬಗ್ಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಆರೋಗ್ಯ ಮಿತ್ರರನ್ನು (ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರು) ಚಿಕಿತ್ಸೆಗೆ ಮುಂಚೆಯೇ ವಿಚಾರಿಸಿ.

ಮೂಳೆ ಬಲಕ್ಕೆ ಜೋಲೆಡ್ರೋನಿಕ್ ಆಮ್ಲ ಹಾಕಿಸುವ ಮುನ್ನ ಹಲ್ಲು ಕೀಳಿಸುವುದಿದ್ದರೆ ಮುಗಿಸಿಕೊಳ್ಳಿ. ಆಮೇಲೆ ಕೀಳಿಸಿದರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ.

ಬೆನ್ನುನೋವಿನ ಜೊತೆ ಕಾಲು ಸೋಲತೊಡಗಿದರೆ, ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಬೆನ್ನುಹುರಿ ಒತ್ತಲ್ಪಡುತ್ತಿರಬಹುದು. ಆಗ ಕುಂದಾಪುರವಾಗಲಿ ಸುಳ್ಯವಾಗಲಿ, ಬೆಳಗಿನ ಒಪಿಡಿಗೆ ಕಾಯದೆ ರಾತ್ರಿಯೇ ಮಂಗಳೂರು ಅಥವಾ ಮಣಿಪಾಲದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ, ಹಳೆಯ ಸ್ಕ್ಯಾನ್ ವರದಿಗಳನ್ನು ಜೊತೆಗೊಯ್ಯಿರಿ.